ಬರಿದೆಂದು ಬರೆದ ಬೆಟ್ಟ

ಪೆರಿಯಕುಳಂನಲ್ಲಿ ಕತ್ತೆತ್ತಿದರೆ ಕಾಣುವ ಪಳನಿ ಬೆಟ್ಟಸಾಲನ್ನು 1860ರ ದಶಕದಲ್ಲಿ ಡಗ್ಲಾಸ್ ಹ್ಯಾಮಿಲ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ ರೇಖೆಗಳಲ್ಲಿ ಹಿಡಿದಿಟ್ಟ. ಯುರೋಪಿಯನ್ ಸೈನಿಕರ ಆರೋಗ್ಯಧಾಮಕ್ಕೆ, ವಸತಿಗೆ ಒಗ್ಗುವ ಗಿರಿನೆತ್ತಿಗಳನ್ನು ಚಿತ್ರಿಸಿಕೊಡುವುದು ಸರ್ಕಾರ ಅವನಿಗೆ ವಹಿಸಿದ್ದ ಕೆಲಸ. ಅಂಥ ಚಿತ್ರದಲ್ಲಿ ಹುಲ್ಲಿನ ಇಳಿಜಾರು ಬರೀ ಚೆಲುವಲ್ಲ, ಬಂದು ನೆಲೆಸಲು ಜಾಗವಿದೆ ಎಂಬ ಶಿಫಾರಸು. ಜಾಗವೇನೋ ಬರಿದಾಗಿರಲಿಲ್ಲ. ಜೇನು, ಗೆಡ್ಡೆ ಅರಸಿ ಆ ಕಾಡಿನಲ್ಲೇ ಬಾಳಿದ ಪಳಿಯರ ದೈವ ಮಾಯಾಂಡಿ. ಪ್ರಕೃತಿಯೇ ವಿಚಿತ್ರ ಆಕಾರ ಕೊಟ್ಟ ಕಲ್ಲನ್ನು ಅವರು ಅವನ ಗುರುತಾಗಿ ಪೂಜಿಸುತ್ತಿದ್ದರೆಂದು ಜನಾಂಗಶಾಸ್ತ್ರಜ್ಞ ಎಡ್ಗರ್ ಥರ್ಸ್ಟನ್ 1909ರಲ್ಲಿ ದಾಖಲಿಸಿದ. ಉಳಿ ತಾಗದ ಕಲ್ಲು. ಹೊರಗಿನವನ ಪೆನ್ಸಿಲಿಗೆ ಅದು ಇನ್ನೊಂದು ಬಂಡೆ. ಇದೇ ಬೆಟ್ಟಗಳ ಪ್ರಾಚೀನ ಕಲ್ಗೋರಿಗಳ ಬಗ್ಗೆ ಆಂಗ್ಲಾಡ್ ಮತ್ತು ನ್ಯೂಟನ್ ಎಂಬ ಪಾದ್ರಿಗಳು ಬರೆದ ಗ್ರಂಥ ಬಂದದ್ದು 1928ರಲ್ಲಿ. ಅಷ್ಟರಲ್ಲಿ ಬೆಟ್ಟದ ಮೇಲೆ ಕೊಡೈಕೆನಾಲ್ ಊರಾಗಿಬಿಟ್ಟಿತ್ತು.

ಹ್ಯಾಮಿಲ್ಟನ್ ಸುಳ್ಳು ಬರೆದನೇ? ಇಲ್ಲ. ವಾಟಲ್, ನೀಲಗಿರಿ, ಪೈನ್ ನೆಡುತೋಪುಗಳು ಹುಲ್ಲುಗಾವಲನ್ನು ನುಂಗುವ ಮೊದಲು ಬೆಟ್ಟ ಹೇಗಿತ್ತೆಂದು ತಿಳಿಯಲು ಅಂಥ ಚಿತ್ರಗಳು ಇಂದಿಗೂ ಬೇಕು. ಆದರೆ ಗೆರೆ ಎಷ್ಟೇ ನಿಖರವಾಗಿರಲಿ, ಅದು ಉತ್ತರಿಸುವುದು ತನಗೆ ಕೇಳಿದ ಪ್ರಶ್ನೆಗೆ ಮಾತ್ರ. ಇಲ್ಲಿ ಯಾರಿದ್ದಾರೆ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಕಲ್ಲನ್ನೂ ಚಿತ್ರವನ್ನೂ ಒಂದೇ ತಕ್ಕಡಿಯಲ್ಲಿಡುವುದು ಸರಿಯಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಒಂದು ಪೂಜೆಯದು, ಇನ್ನೊಂದು ದಾಖಲೆ. ಆದರೆ ಇವೆರಡೂ ಒಂದೇ ಆಗಬಲ್ಲವು: ಆಸ್ಟ್ರೇಲಿಯಾದ ಮರುಭೂಮಿಯ ಮೂಲನಿವಾಸಿಗಳನ್ನು ನೋಡಿ. 1971ರ ಸುಮಾರಿಗೆ ಪಾಪುನ್ಯ ಎಂಬಲ್ಲಿ ಹಲಗೆಗೆ, ಆಮೇಲೆ ಕ್ಯಾನ್ವಾಸಿಗೆ ಬಂದ ಅವರ ಚಿತ್ರಗಳು ಅದಕ್ಕೂ ಮೊದಲು ಮರಳಿನ ಮೇಲೆ, ಮೈಮೇಲೆ, ಬಂಡೆಯ ಮೇಲೆ ಇದ್ದವು. ಹೊರಗಿನವರು ಕಾಣಬಾರದ ಪವಿತ್ರ ಗುರುತುಗಳನ್ನು ಚುಕ್ಕಿಗಳ ಕೆಳಗೆ ಮರೆಸಿದ್ದೂ ಉಂಟು. 1997ರಲ್ಲಿ ಅದೇ ದೇಶದ ಙುರ್ರಾರಾ ಜನ ತಮ್ಮ ನೀರಿನ ತಾಣಗಳನ್ನು ದೊಡ್ಡ ಕ್ಯಾನ್ವಾಸಿನಲ್ಲಿ ಬರೆದು, ನೆಲ ತಮ್ಮದೆಂಬುದಕ್ಕೆ ಸಾಕ್ಷ್ಯವಾಗಿ ಹಾಸಿದರು; 2007ರಲ್ಲಿ ಹಕ್ಕು ಸಿಕ್ಕಿತು.

ನಮ್ಮಲ್ಲೂ ಅಂಥ ದಾರಿ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ರೂಪುಗೊಂಡ ನಿಯಮಗಳು ಹಿರಿಯರ ಹೇಳಿಕೆಯನ್ನು, ದೇವರ ಮರ ಮತ್ತು ಬನಗಳನ್ನು, ಸಮಾಧಿ ನೆಲವನ್ನು ಪುರಾವೆಯೆಂದು ಒಪ್ಪುತ್ತವೆ. ಪಳಿಯರ ಅರ್ಜಿಗಳನ್ನು ಪರಿಶೀಲಿಸುವವರು ಮಾಯಾಂಡಿಯ ಕಲ್ಲಿಗೂ ಆ ಸಾಲಿನಲ್ಲಿ ಜಾಗ ಕೊಡಬೇಕು. ಅದನ್ನು ಎಲ್ಲಿ ತೋರಿಸಬೇಕು, ಎಷ್ಟು ಹೇಳಬೇಕು ಎಂಬುದು ಮಾತ್ರ ಪಳಿಯರ ಹಿರಿಯರ ಇಷ್ಟಕ್ಕೆ ಬಿಟ್ಟದ್ದು.