ಶಬ್ದವಿಚಾರ: ‘ಲೋಕವೋರ್’

ಆಹಾರದ ವಿಷಯವಾಗಿ ಈಚೆಗೆ ಆಂಗ್ಲಭಾಷೆಯಲ್ಲಿ ಹುಟ್ಟಿದ ಸಮಸ್ತಪದಗಳಲ್ಲಿ ‘ಲೋಕವೋರ್’ ಎಂಬುದೊಂದು. ತನ್ನ ನೆಲೆಯ ಸಮೀಪದಲ್ಲಿ ಬೆಳೆದುದನ್ನೇ ಆದಷ್ಟು ಮಟ್ಟಿಗೆ ಉಣ್ಣುವವನು ಎಂಬುದು ಅದರ ರೂಢಾರ್ಥ. ಕಿವಿಗೆ ಬಿದ್ದೊಡನೆ ನಮ್ಮ ‘ಲೋಕ’ ಶಬ್ದವು ನೆನಪಾಗುವುದು ಸಹಜ; ಆದರೆ ಇವೆರಡಕ್ಕೂ ನಂಟಿಲ್ಲ. ಇಲ್ಲಿಯ ಪೂರ್ವಪದದ ಮೂಲವು ಸ್ಥಳವೆಂಬರ್ಥದ ಲ್ಯಾಟಿನ್ ‘ಲೋಕುಸ್’. ಅದರ ಪ್ರಾಚೀನ ರೂಪವು ‘ಸ್ತ್ಲೋಕುಸ್’ ಎಂದಿದ್ದಿತು. ಉತ್ತರಪದವು ಕಬಳಿಸು ಎಂಬರ್ಥದ ‘ವೋರಾರೆ’ ಎಂಬುದರಿಂದ ಬಂದುದು.

ಈ ಶಬ್ದವನ್ನು 2005ರಲ್ಲಿ ನಿರ್ಮಿಸಿದವರು ಅಮೆರಿಕದ ಸಾನ್‌ಫ್ರಾನ್ಸಿಸ್ಕೊ ಪ್ರಾಂತದ ಪಾಕತಜ್ಞೆ ಜೆಸಿಕಾ ಪ್ರೆಂಟಿಸ್. ಆ ವರ್ಷದ ಆಗಸ್ಟ್ ತಿಂಗಳೆಲ್ಲ 100 ಮೈಲಿಗಳ ಒಳಗೆ ಬೆಳೆದುದನ್ನೇ ಉಣ್ಣಿರೆಂದು ಆಕೆಯೂ ಗೆಳತಿಯರೂ ಜನರನ್ನು ಕರೆದರು. 2007ರಲ್ಲಿ ‘ಹೊಸ ಆಕ್ಸ್‌ಫರ್ಡ್ ಅಮೆರಿಕನ್ ನಿಘಂಟು’ ಇದನ್ನು ವರ್ಷದ ಶಬ್ದವೆಂದು ಆರಿಸಿತು.

ಇನ್ನು ಸಮಾಸದ ವಿಚಾರ. ‘ಮಾಂಸಾದ’ ಎಂಬಲ್ಲಿ ಮಾಂಸವು ತಿನ್ನಲ್ಪಡುವ ವಸ್ತು. ಅದೇ ಕ್ರಮದಲ್ಲಿ ಈ ಪದವನ್ನು ಬಿಡಿಸಿದರೆ ‘ಊರನ್ನೇ ನುಂಗುವವನು’ ಎಂದಾಗಿಬಿಡುವುದು! ಆದುದರಿಂದ ನಡುವೆ ಒಂದು ಪದವು ಲೋಪವಾಗಿದೆಯೆಂದು ತಿಳಿಯತಕ್ಕದ್ದು. ಶಾಕಪ್ರಿಯನಾದ ಪಾರ್ಥಿವನು ‘ಶಾಕಪಾರ್ಥಿವ’ನೆನಿಸುವಂತೆ, ಸ್ಥಳದಲ್ಲಿ ಬೆಳೆದುದನ್ನು ತಿನ್ನುವವನು ಲೋಕವೋರ್. ಇಲ್ಲಿ ಮರೆಯಾದುದು ‘ಬೆಳೆದ’ ಎಂಬ ಪದ.

ವೈಯಾಕರಣನಿಗೆ ಈ ಲೋಪವು ಅಲ್ಪವೆನಿಸಬಹುದು, ಗೃಹಸ್ಥನಿಗೆ ಅಲ್ಪವಲ್ಲ. ದೂರದಿಂದ ಬಂದ ಪದಾರ್ಥವೆಲ್ಲ ವಾಯುಮಂಡಲಕ್ಕೆ ಹೆಚ್ಚು ಕೇಡು, ಹತ್ತಿರದ್ದೆಲ್ಲ ಕ್ಷೇಮವೆಂದು ಅನೇಕರು ನಂಬಿರುವರು. ಅಮೆರಿಕದ ಕುಟುಂಬಗಳ ಆಹಾರವನ್ನು ಕುರಿತು ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಇಬ್ಬರು ವಿದ್ವಾಂಸರು 2008ರಲ್ಲಿ ಪ್ರಕಟಿಸಿದ ಲೆಕ್ಕವು ಬೇರೆ ಮಾತನ್ನು ಹೇಳುತ್ತದೆ. ಆಹಾರದಿಂದ ಹೊರಡುವ ಹಸುರುಮನೆ ಅನಿಲಗಳಲ್ಲಿ ಸಾಗಣೆಯ ಪಾಲು ನೂರಕ್ಕೆ ಸುಮಾರು 11. ಉತ್ಪಾದನೆಯ ಪಾಲು ಸುಮಾರು 83. ಹಾಗಾದರೆ ಹೆಚ್ಚಿನ ಭಾರವಿರುವುದು ಆ ಲುಪ್ತಪದದಲ್ಲಿಯೇ. ಕೃತಕವಾಗಿ ಕಾಯಿಸಿದ ಗಾಜಿನ ಮನೆಯಲ್ಲಿ ಬೆಳೆದ ತಕ್ಕಾಳಿಯು ನೆರೆಯದ್ದೆಂಬ ಮಾತ್ರದಿಂದ ನಿರ್ದೋಷಿಯಾಗದು.

ಹೀಗೆಂದು ಈ ವ್ರತವನ್ನು ಹಳಿಯಲು ನಾವು ಹೊರಟಿಲ್ಲ. ಸಮೀಪದ ಫಲಶಾಕಗಳು ತಾಜಾ ಆಗಿ ದೊರೆಯುವುವು; ಹಣವು ಪರಿಚಿತ ರೈತನ ಕೈಸೇರುವುದು; ಎಲ್ಲಕ್ಕೂ ಮಿಗಿಲಾಗಿ, ಬೆಳೆದವನನ್ನೇ ಕಂಡು ಕೇಳುವ ಅನುಕೂಲವಿರುವುದು. ‘ಸಸ್ಯಾಹಾರಿ’ಯ ಮಾದರಿಯಲ್ಲಿ ಕನ್ನಡಕ್ಕೆ ‘ಸ್ಥಳೀಯಾಹಾರಿ’ ಎಂಬ ರೂಪವು ಸಲ್ಲಬಹುದೆಂದು ನಮಗೆ ತೋರುತ್ತದೆ. ಆ ಹೆಸರನ್ನು ಧರಿಸುವವರು ಸಂತೆಯಲ್ಲಿ “ಇದು ಎಲ್ಲಿಯದು?” ಎಂದು ಕೇಳಿ ನಿಲ್ಲದೆ, “ಹೇಗೆ ಬೆಳೆದದ್ದು?” ಎಂದೂ ಕೇಳಲಿ. ಆಗ ಸಮಾಸದಲ್ಲಿ ಬಿಟ್ಟುಹೋದ ಪದವು ಅಡಿಗೆಮನೆಯಲ್ಲಾದರೂ ಉಳಿಯುವುದು.