ತೆಳ್ಳಗಿರಲಿ, ಆದ್ರೆ ರ್‍ಯಾಮ್ ಬಿಚ್ಚೋಕೆ ಬರಲಿ

ಹೊಸ ಪ್ರೊಸೆಸರ್ ಬಂತು ಅಂದ್ರೆ ಹಾಸ್ಟೆಲ್‌ನಲ್ಲಿ ನಾವು ಮೊದಲು ಮಾತಾಡೋದು ಸ್ಪೀಡ್ ಬಗ್ಗೆ. ಆದರೆ ತೆಳ್ಳನೆಯ ಲ್ಯಾಪ್‌ಟಾಪ್‌ಗಳ ರೂಪ ಬದಲಾಯಿಸುತ್ತಿರುವುದು ಸ್ಪೀಡ್‌ಗಿಂತ ಹೆಚ್ಚಾಗಿ ವಿದ್ಯುತ್ತಿನ ಲೆಕ್ಕ.

ಚಿಪ್‌ನ ಸ್ವಿಚಿಂಗ್ ಪವರ್ ವೋಲ್ಟೇಜಿನ ವರ್ಗದ ಅನುಪಾತದಲ್ಲಿರುತ್ತದೆ ಅಂತ ನಾವೆಲ್ಲ ಓದಿದ್ದೇವೆ. ವೋಲ್ಟೇಜ್ ಸ್ವಲ್ಪ ಇಳಿದರೂ ಬಿಸಿ ಸಾಕಷ್ಟು ಕಡಿಮೆಯಾಗುತ್ತೆ. ಬಿಸಿ ಕಡಿಮೆಯಾದ್ರೆ ಫ್ಯಾನ್ ಚಿಕ್ಕದಾದರೂ ಸಾಕು, ಕೆಲವೊಮ್ಮೆ ಬೇಡವೇ ಬೇಡ. 2020ರಲ್ಲಿ ಆಪಲ್‌ನ ಎಂ1 ಚಿಪ್ ಹಾಕಿದ ಮ್ಯಾಕ್‌ಬುಕ್ ಏರ್ ಫ್ಯಾನ್ ಇಲ್ಲದೆಯೇ ಬಂತು. 2024ರಲ್ಲಿ ಕ್ವಾಲ್ಕಾಮ್‌ನ ಸ್ನಾಪ್‌ಡ್ರಾಗನ್ ಎಕ್ಸ್ ಮತ್ತು ಇಂಟೆಲ್‌ನ ಲೂನಾರ್ ಲೇಕ್, ವಿಂಡೋಸ್ ಲ್ಯಾಪ್‌ಟಾಪ್‌ಗಳನ್ನೂ ಕಡಿಮೆ ವಿದ್ಯುತ್ತಿನ ದಾರಿಗೆ ತಂದವು. ಇಡೀ ಕ್ಲಾಸ್‌ರೂಮಿಗೆ ಎರಡೇ ಪ್ಲಗ್ ಪಾಯಿಂಟ್ ಇದ್ದರೆ ಏನು ಕಷ್ಟ ಅಂತ ಗೊತ್ತಿರೋ ನಮಗೆ ಇದು ದೊಡ್ಡ ಲಾಭವೇ.

ಈ ಲಾಭಕ್ಕೆ ಒಂದು ಬೆಲೆಯೂ ಇದೆ. ಲೂನಾರ್ ಲೇಕ್‌ನಲ್ಲಿ ರ್‍ಯಾಮ್ ಪ್ರೊಸೆಸರ್ ಪ್ಯಾಕೇಜಿನ ಮೇಲೆಯೇ ಕೂತಿದೆ: 16 ಜಿಬಿ, ಇಲ್ಲವೇ 32 ಜಿಬಿ, ಅಷ್ಟೇ. ಡೇಟಾ ಓಡಾಡುವ ದೂರ ಕಡಿಮೆಯಾಗಿ ವಿದ್ಯುತ್ತೂ ಉಳಿಯುತ್ತೆ, ಬೋರ್ಡಿನಲ್ಲಿ ಜಾಗವೂ ಉಳಿಯುತ್ತೆ. ಮುಂದಿನ ಚಿಪ್‌ಗಳಲ್ಲಿ ಹೀಗೆ ಮಾಡಲ್ಲ ಅಂತ ಇಂಟೆಲ್ ಅದೇ ವರ್ಷ ಹೇಳಿತು, ನಿಜ. ಆದರೆ ಪ್ಯಾಕೇಜಿನಿಂದ ಹೊರಬಂದ ರ್‍ಯಾಮನ್ನು ಬೋರ್ಡಿಗೆ ಬೆಸುಗೆ ಹಾಕಿಬಿಟ್ಟರೆ ನಮ್ಮ ಪಾಲಿಗೆ ಎರಡೂ ಒಂದೇ.

ಫಸ್ಟ್ ಇಯರ್‌ನಲ್ಲಿ 8 ಜಿಬಿ ಲ್ಯಾಪ್‌ಟಾಪ್ ತಗೊಂಡು, ಥರ್ಡ್ ಇಯರ್‌ನಲ್ಲಿ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ ಇನ್ನೊಂದು ಸ್ಟಿಕ್ ಹಾಕಿಸೋದು ಎಷ್ಟೋ ಸೀನಿಯರ್‌ಗಳು ಹಿಡಿದ ದಾರಿ. ಮನೆಯಲ್ಲಿ ಒಂದೇ ಸಲ ದೊಡ್ಡ ಮೊತ್ತ ಕೇಳೋಕೆ ಆಗದವರಿಗೆ ಅದು ಆಸರೆಯಾಗಿತ್ತು. ಬೆಸುಗೆ ಹಾಕಿದ ರ್‍ಯಾಮ್ ಆ ದಾರಿಯನ್ನೇ ಮುಚ್ಚುತ್ತೆ.

ತೆಳ್ಳಗಾಗಬೇಕಾದ್ರೆ ಬೆಸುಗೆ ಅನಿವಾರ್ಯ ಅನ್ನುವ ವಾದವನ್ನು ನಾವು ಪೂರ್ತಿ ಒಪ್ಪಲ್ಲ. ಎಲ್‌ಪಿಕ್ಯಾಮ್2 ಅನ್ನುವ ಚಪ್ಪಟೆ ಮಾಡ್ಯೂಲನ್ನು ಸ್ಕ್ರೂ ಬಿಚ್ಚಿ ಬದಲಾಯಿಸಬಹುದು. ಒಳಗಿರುವುದು ಅದೇ ಕಡಿಮೆ ವಿದ್ಯುತ್ತಿನ ಎಲ್‌ಪಿಡಿಡಿಆರ್ ರ್‍ಯಾಮ್. 2024ರ ಲೆನೊವೊ ಥಿಂಕ್‌ಪ್ಯಾಡ್ ಪಿ1ನಲ್ಲಿ ಇದು ಬಂದೂ ಆಯ್ತು. ಕೊಳ್ಳುವವರು ಕೇಳದಿದ್ದರೆ ಮಾತ್ರ ಇದು ದುಬಾರಿ ಮಾಡೆಲ್‌ಗಳಲ್ಲೇ ಉಳಿದುಬಿಡುತ್ತೆ.

ಹಾಗಾಗಿ ಜೂನಿಯರ್‌ಗಳಿಗೆ ನಮ್ಮ ಮಾತು ಇಷ್ಟೇ: ಎಷ್ಟು ಮಿಲಿಮೀಟರ್ ದಪ್ಪ ಅಂತ ಕೇಳೋಕೆ ಮುಂಚೆ ರ್‍ಯಾಮ್ ಬದಲಾಯಿಸಬಹುದಾ ಅಂತ ಕೇಳಿ. ಆಗಲ್ಲ ಅಂದ್ರೆ ಇವತ್ತಿನ ಅಸೈನ್‌ಮೆಂಟ್‌ಗಲ್ಲ, ಫೈನಲ್ ಇಯರ್ ಪ್ರಾಜೆಕ್ಟಿಗೆ ಎಷ್ಟು ಬೇಕೋ ಅಷ್ಟು ರ್‍ಯಾಮ್ ಇರೋದನ್ನೇ ತಗೊಳ್ಳಿ. ಲ್ಯಾಪ್‌ಟಾಪ್ ಅರ್ಧ ಮಿಲಿಮೀಟರ್ ದಪ್ಪ ಇದ್ದರೆ ಬ್ಯಾಗಿಗೆ ಗೊತ್ತಾಗಲ್ಲ. ರ್‍ಯಾಮ್ ಸಾಲದಿದ್ದರೆ ನಾಲ್ಕು ವರ್ಷವೂ ಗೊತ್ತಾಗುತ್ತೆ.