ಯಾರೂ ಕೊಳ್ಳದ ಸರಕಿಗೆ ಜಾಹೀರಾತೇಕೆ?

ಮಹಾರಾಷ್ಟ್ರದ ಕಾಗಲ್ ತಾಲ್ಲೂಕಿನ ಬಿದ್ರಿಯಲ್ಲಿ ದೂಧಗಂಗಾ-ವೇದಗಂಗಾ ಸಹಕಾರಿ ಸಕ್ಕರೆ ಕಾರ್ಖಾನೆ ಕಬ್ಬು ನುರಿಸತೊಡಗಿತೆಂದರೆ ಸಿಪ್ಪೆಯ ಗುಡ್ಡ ಏಳುತ್ತದೆ. ಆ ಸಿಪ್ಪೆಯೇ ಬಾಯ್ಲರಿಗೆ ಹೋಗಿ ಕರೆಂಟಾಗುತ್ತದೆ. ಹಸಿರು ಇಂಧನ ಎಂದರೇನೆಂದು ಇಲ್ಲಿನ ಕಬ್ಬು ಬೆಳೆಗಾರನಿಗೆ ಟಿ.ವಿ. ಜಾಹೀರಾತು ಹೇಳಿಕೊಡಬೇಕಾಗಿಲ್ಲ. ಅದರ ಮಿತಿಯನ್ನೂ ಹೇಳಬೇಕಿಲ್ಲ, ಸಕ್ಕರೆ ಕಾರ್ಖಾನೆಗಳ ಆಸುಪಾಸಿನಲ್ಲಿ ಬಟ್ಟೆ ಒಣಹಾಕಿದವರೆಲ್ಲ ಹಾರಿ ಬರುವ ಕರಿಬೂದಿಯನ್ನು ಕಂಡವರೇ.

ಇಲ್ಲಿಂದ ಗಡಿ ದಾಟಿದರೆ ನಿಪ್ಪಾಣಿ, ಬೀಡಿ ತಂಬಾಕಿನ ಊರು. 2003ರ ಕಾಯ್ದೆ ತಂಬಾಕು ಜಾಹೀರಾತನ್ನು ನಿಷೇಧಿಸಿತು, 2004ರ ಮೇ 1ರಿಂದ ಅದು ಜಾರಿಗೂ ಬಂತು. ನಿಪ್ಪಾಣಿಯ ಹೊಲಗಳಲ್ಲಿ ತಂಬಾಕು ಮಾತ್ರ ಇವತ್ತಿಗೂ ಬೆಳೆಯುತ್ತಿದೆ. ತಂಬಾಕಿನಂತೆ ಕಲ್ಲಿದ್ದಲಿನ ಜಾಹೀರಾತೂ ಬೇಡ ಎಂದಾಕ್ಷಣ ‘ಹಾಗಾದರೆ ಕತ್ತಲಲ್ಲಿ ಕೂರೋಣವೇ?’ ಎಂದು ಮೈಮೇಲೆ ಬರುವವರು ಇದನ್ನು ನೋಡಬೇಕು. ದೇಶದ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಇನ್ನೂ ಕಲ್ಲಿದ್ದಲಿನದೇ. ನಾಳೆ ಬೆಳಗ್ಗೆ ಅದನ್ನು ನಿಲ್ಲಿಸಿ ಎಂದು ಯಾರೂ ಹೇಳುತ್ತಿಲ್ಲ.

ತಂಬಾಕಿಗಾದರೂ ಗಿರಾಕಿ ಬೇಕು. ಕಲ್ಲಿದ್ದಲನ್ನು ನೀವು-ನಾವು ಅಂಗಡಿಯಿಂದ ತರುವುದಿಲ್ಲ, ಯಾವ ಸ್ಥಾವರದ ಕರೆಂಟು ಬೇಕೆಂದು ಆರಿಸಿಕೊಳ್ಳುವುದೂ ಇಲ್ಲ. ಆದರೂ ನಮ್ಮ ಮನೆಯ ಪರದೆಗೆ ಜಾಹೀರಾತು ಬರುತ್ತದೆ. 2024ರ ಕೊನೆಯಲ್ಲಿ ಅದಾನಿ ಸಮೂಹ ತೋರಿಸಿದ ಚಿತ್ರವನ್ನೇ ನೋಡಿ: ಕರೆಂಟಿಲ್ಲದ ಹಳ್ಳಿ, ಒಬ್ಬ ಹುಡುಗ, ಮೊದಲು ‘ಪಂಖಾ’ ಬರುತ್ತದೆ ಆಮೇಲೆ ಕರೆಂಟು ಬರುತ್ತದೆ ಎಂಬ ಮಾತು. ಆ ಪಂಖಾ ಗಾಳಿಯಂತ್ರ. ಚಿತ್ರ ಚೆನ್ನಾಗಿದೆ, ಸುಳ್ಳೂ ಅಲ್ಲ. ಆ ಸಮೂಹದ ಗಾಳಿ, ಬಿಸಿಲಿನ ಘಟಕಗಳು ದೊಡ್ಡವೇ. ಆದರೆ ಖಾಸಗಿ ವಲಯದಲ್ಲಿ ದೇಶದ ಅತಿದೊಡ್ಡ ಉಷ್ಣ ವಿದ್ಯುತ್ ಉತ್ಪಾದಕನೂ ಅದೇ ಸಮೂಹ. ಹೀಗೆ ಒಂದು ಮುಖವನ್ನಷ್ಟೇ ತೋರಿಸುವ ಜಾಹೀರಾತು ಸರಕು ಮಾರುವುದಿಲ್ಲ, ಮುಂದೊಂದು ದಿನ ಬೇಕಾಗುವ ನಮ್ಮ ಸಮ್ಮತಿಯನ್ನು ಈಗಲೇ ಕೊಂಡಿಟ್ಟುಕೊಳ್ಳುತ್ತದೆ.

ತೋರಿಸದ ಮುಖ ಉಡುಪಿಯ ಎಲ್ಲೂರಿನಲ್ಲಿದೆ. ಆಮದು ಕಲ್ಲಿದ್ದಲು ಸುಡುವ 1,200 ಮೆಗಾವಾಟ್ ಸ್ಥಾವರ ಅದು. ಅದಾನಿ ತೆಕ್ಕೆಗೆ ಬಂದದ್ದು 2015ರಲ್ಲಿ. ಮಲ್ಲಿಗೆ, ತೆಂಗು ಬೆಳೆಯುವ ಊರುಗಳ ಜನ ಹಾರುಬೂದಿ, ಉಪ್ಪುನೀರಿನ ವಿರುದ್ಧ ದೂರುತ್ತಲೇ ಬಂದರು. ನಂದಿಕೂರು ಜನಜಾಗೃತಿ ಸಮಿತಿ ವರ್ಷಗಟ್ಟಲೆ ನಡೆಸಿದ ಹೋರಾಟದ ನಂತರ, 2022ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಕಂಪನಿಗೆ ಸುಮಾರು ₹52 ಕೋಟಿ ಪರಿಸರ ಪರಿಹಾರ ವಿಧಿಸಿತು. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಹಸಿರುಬಳಿಯುವಿಕೆಯ, ಅಂದರೆ ಪರಿಸರಸ್ನೇಹಿ ಎಂಬ ಸುಳ್ಳು ಸೋಗಿನ ವಿರುದ್ಧ ಮಾರ್ಗಸೂಚಿ ತಂದಿತು. ಪುರಾವೆ, ವಿವರಣೆ ಇಲ್ಲದೆ ‘ಶುದ್ಧ’, ‘ಹಸಿರು’ ಎನ್ನುವಂತಿಲ್ಲ. ಬ್ರಿಟನ್ನಿನಲ್ಲಿ ಜಾಹೀರಾತು ಪ್ರಾಧಿಕಾರ 2014ರಲ್ಲೇ ಪೀಬಾಡಿ ಕಂಪನಿಯ ‘ಶುದ್ಧ ಕಲ್ಲಿದ್ದಲು’ ಎಂಬ ಮಾತಿಗೆ ತಡೆ ಹಾಕಿತ್ತು. ದೂರಿತ್ತದ್ದು ಪರಿಸರ ಸಂಘಟನೆ ಡಬ್ಲ್ಯೂಡಬ್ಲ್ಯೂಎಫ್. ನಮ್ಮ ಮಾರ್ಗಸೂಚಿ ಎಡವುವುದು ಬೇರೆ ಕಡೆ: ನಿರ್ದಿಷ್ಟ ಸರಕು, ಸೇವೆಗೆ ಸಂಬಂಧಿಸದ ಕಂಪನಿಯ ಧ್ಯೇಯವಾಕ್ಯವನ್ನು ಅದು ಹೊರಗಿಟ್ಟಿದೆ. ಸರಕನ್ನೇ ತೋರಿಸದ ಕಲ್ಲಿದ್ದಲು ಉದ್ಯಮಕ್ಕೆ ಇದಕ್ಕಿಂತ ಅಗಲವಾದ ಬಾಗಿಲು ಬೇಕೆ? ಗುಟ್ಕಾದವರು ಏಲಕ್ಕಿಯ ಹೆಸರಲ್ಲಿ ಜಾಹೀರಾತಿನೊಳಗೆ ನುಸುಳಿದ್ದನ್ನು ಕಂಡ ಮೇಲೂ ನಾವು ಪಾಠ ಕಲಿತಿಲ್ಲ.

2024ರ ಜೂನ್ 5ರಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಗುಟೆರಸ್ ಪಳೆಯುಳಿಕೆ ಇಂಧನದ ಜಾಹೀರಾತು ನಿಷೇಧಿಸಿ ಎಂದು ದೇಶಗಳನ್ನು ಕೇಳಿದರು, ಅಂಥ ಜಾಹೀರಾತು ತೆಗೆದುಕೊಳ್ಳಬೇಡಿ ಎಂದು ಮಾಧ್ಯಮಗಳನ್ನೂ ಕೇಳಿದರು. ಎರಡನೆಯ ಮಾತು ಪತ್ರಿಕೆಗಳ ಹೊಟ್ಟೆಪಾಡಿಗೆ ತಾಗುವಂಥದ್ದು, ಅದಕ್ಕೇ ಇರಬೇಕು, ಹೆಚ್ಚು ಚರ್ಚೆಯಾಗಲಿಲ್ಲ. ನೆದರ್ಲೆಂಡ್ಸ್‌ನ ಹೇಗ್ ನಗರ 2025ರ ಜನವರಿ 1ರಿಂದ ಇಂಥ ಜಾಹೀರಾತನ್ನು ಬೀದಿಯಿಂದ ತೆಗೆದುಹಾಕಿತು.

ಅಷ್ಟು ದೂರ ನಾವು ಒಮ್ಮೆಲೇ ಹೋಗಬೇಕಿಲ್ಲ. ನಮ್ಮ ಗ್ರಾಹಕ ಪ್ರಾಧಿಕಾರ ಮೊದಲು ಧ್ಯೇಯವಾಕ್ಯಕ್ಕೆ ಕೊಟ್ಟ ಆ ವಿನಾಯಿತಿಯನ್ನು ಕಿತ್ತುಹಾಕಲಿ. ವಿದ್ಯುತ್ ಕಂಪನಿ ಜಾಹೀರಾತು ಕೊಟ್ಟರೆ, ತನ್ನ ಉತ್ಪಾದನೆಯಲ್ಲಿ ಕಲ್ಲಿದ್ದಲಿನ ಪಾಲೆಷ್ಟು ಎಂಬುದನ್ನು ಸಿಗರೇಟ್ ಪೊಟ್ಟಣದ ಎಚ್ಚರಿಕೆಯಷ್ಟೇ ದಪ್ಪಕ್ಷರದಲ್ಲಿ ಅದರಲ್ಲೇ ಅಚ್ಚುಹಾಕಲಿ.